ಇನ್ನು ಮುಂದೆ ನಮ್ಮ ಫೋಟೊ ಹಿಂದೆ ಆ ಸೀಲು ಇರುವುದಿಲ್ಲ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ನಮ್ಮ ಸ್ಟುಡಿಯೊದಲ್ಲಿ ಮಾಡಿಸಿದ ಕಪ್ಪು ಬಿಳುಪು ಫೋಟೊ ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ಫ್ರೇಮಿನಿಂದ ತೆಗೆದು ಹಿಂದೆ ನೋಡಿ. ಕೆಳಗೆ ಬಲಗಡೆ ನೇರಳೆ ಶಾಯಿಯ ದುಂಡು ಸೀಲು ಇರುತ್ತದೆ. 'ಕೈಯಲ್ಲಿ ಪ್ರಿಂಟ್ ಮಾಡಿದ್ದು, ಹಾಸನ' ಅಂತ. ಇನ್ನು ಮುಂದೆ ಆ ಸೀಲು ಹಾಕುವುದಿಲ್ಲ. ಕೈಯಲ್ಲಿ ಎನ್‌ಲಾರ್ಜ್ ಮಾಡಿಕೊಡುವ ಆರ್ಡರನ್ನೂ ಸದ್ಯಕ್ಕೆ ತೆಗೆದುಕೊಳ್ಳುವುದಿಲ್ಲ.

ಕಾರಣ ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ಫೋಟೊಗಳನ್ನು ತೆಗೆದು ಕೈಯಲ್ಲಿ ಪ್ರಿಂಟ್ ಮಾಡುತ್ತಿದ್ದ ನಮ್ಮ ಮೇಷ್ಟ್ರು ಶ್ರಾವಣದಲ್ಲಿ ತೀರಿಕೊಂಡರು. ಗೊತ್ತಿಲ್ಲದವರಿಗೆ ತಿಳಿಸಬೇಕಿತ್ತು. ಅದರ ಜೊತೆಗೆ ನಮ್ಮಿಂದ ಒಂದು ತಪ್ಪೂ ಆಗಿದೆ. ಅದನ್ನು ಹೇಳದೆ ಅಂಗಡಿಯ ಬೋರ್ಡಿನಲ್ಲಿ ಸುಮ್ನೆ ಎರಡು ಸಾಲು ಬರೆದರೆ ಸರಿಯಲ್ಲ ಅನ್ನಿಸಿತು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಫೋಟೊಗೆ ಕೂತವರನ್ನು "ಬೆನ್ನು ನೆಟ್ಟಗೆ ಮಾಡಯ್ಯ, ಗದ್ದ ಇಳಿಸು" ಅಂತ ಗದರುತ್ತಿದ್ದರಲ್ಲ, ಅದಕ್ಕೆ ಊರವರು ಇಟ್ಟ ಹೆಸರು. ಐವತ್ತು ವರ್ಷಕ್ಕೂ ಜಾಸ್ತಿ ಇಲ್ಲಿದ್ದರು. ಮದುವೆ, ಶಾಲೆಯ ಗ್ರೂಪ್ ಫೋಟೊ, ಪಾಸ್‌ಪೋರ್ಟ್ ಸೈಜು, ಎಲ್ಲವನ್ನೂ ತೆಗೆದರು. ರಜೆ ಸಿಕ್ಕರೆ ಬೆಳಗಿನ ಮೊದಲ ಬಸ್ಸು ಹಿಡಿದು ಹಳೇಬೀಡಿಗೆ ಹೋಗುತ್ತಿದ್ದರು. ಅಲ್ಲಿನ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಗೋಡೆಯ ಕೆಳಗಿನ ಸಾಲಿನ ಆನೆಗಳು ಕಲ್ಲಿನಿಂದ ಎದ್ದು ಬಂದ ಹಾಗೆ ಕಾಣುತ್ತವೆ. ಮಧ್ಯಾಹ್ನ ಆಯಿತೋ, ಕ್ಯಾಮೆರಾ ಚೀಲದೊಳಗೆ. ಬಳಪದ ಕಲ್ಲಿಗೆ ಬಣ್ಣವೇ ಬೇಡ, ಅದು ಹುಟ್ಟಿದ್ದೇ ಕಪ್ಪು ಬಿಳುಪಿಗೆ ಅನ್ನುತ್ತಿದ್ದರು. ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಅವರ ಚಿತ್ರ ಪೇಪರಿನಲ್ಲಿ ಬಂದರೆ ಕತ್ತರಿಸಿ ಡಾರ್ಕ್‌ರೂಮಿನ ಬಾಗಿಲಿಗೆ ಅಂಟಿಸುತ್ತಿದ್ದರು. ಆ ಬಾಗಿಲು ಈಗಲೂ ಹಾಗೇ ಇದೆ.

ಅವರು ತೆಗೆದ ಶೆಟ್ಟಿಹಳ್ಳಿ ಚರ್ಚಿನ ಚಿತ್ರ ನಮ್ಮ ಗೋಡೆಯ ಮೇಲಿದೆ, ನೋಡಿರುತ್ತೀರಿ. ಹೇಮಾವತಿ ಹಿನ್ನೀರು ತುಂಬಿ ಚರ್ಚು ಅರ್ಧ ಮುಳುಗಿದಾಗಿನದು. ಈಗ ಮೊಬೈಲಿನಲ್ಲಿ ಎಲ್ಲರೂ ಅದನ್ನು ತೆಗೆಯುತ್ತಾರೆ. ಮೇಷ್ಟ್ರ ಪ್ರಿಂಟಿನಲ್ಲಿ ಮಾತ್ರ ನೀರು ಎಲ್ಲಿ ಮುಗಿದು ಮೋಡ ಎಲ್ಲಿ ಶುರುವಾಯಿತು ಅಂತ ಹುಡುಕಬೇಕು. ಹುಡುಕಿದರೆ ಸಿಗುತ್ತದೆ, ಕೂದಲೆಳೆಯಷ್ಟು.

ತೆಗೆಯುವುದಕ್ಕಿಂತ ಪ್ರಿಂಟ್ ಮಾಡುವುದರಲ್ಲೇ ಅವರ ಜೀವ ಇತ್ತು. ಅವರದು ಒಂದೇ ಕಾನೂನು. ಬಿಳಿ ಪಂಚೆಯಲ್ಲಿ ನೆರಿಗೆ ಕಾಣಬೇಕು, ಕರೀ ಕೋಟಿನಲ್ಲಿ ಗುಂಡಿ ಕಾಣಬೇಕು. ಕೇಳಲು ಸುಲಭ, ಅಲ್ವಾ? ಮದುವೆ ಮನೆಯ ಫ್ಲಾಶ್ ಬೆಳಕಿನಲ್ಲಿ ಪಂಚೆ ಸುಣ್ಣ ಬಳಿದ ಗೋಡೆ ಆಗಿರುತ್ತದೆ, ಕೋಟು ಇದ್ದಿಲು. ಎರಡನ್ನೂ ಒಂದೇ ಕಾಗದದ ಮೇಲೆ ಉಳಿಸಿಕೊಳ್ಳಬೇಕು.

ಮೊದಲೆಲ್ಲ ಅವರು ರಾತ್ರಿ ಹತ್ತರ ಮೇಲೇ ಪ್ರಿಂಟಿಗೆ ಕೂರುತ್ತಿದ್ದರು. ಸಂಜೆ ವೋಲ್ಟೇಜು ಏರಿಳಿಯುತ್ತಿತ್ತು. ನೆಗೆಟಿವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರಿನ ಬಲ್ಬು ಒಂದು ಚೂರು ಮಂಕಾದರೂ ಲೆಕ್ಕವೆಲ್ಲ ತಪ್ಪುತ್ತದೆ. ಬೆಳಕು ಬಿದ್ದಷ್ಟೂ ಕಾಗದ ಕಪ್ಪಾಗುತ್ತದಲ್ಲ. ಕೆಂಪು ದೀಪದಲ್ಲಿ ಮೊದಲು ಒಂದು ಪಟ್ಟಿ ಪೇಪರಿನ ಮೇಲೆ ಪರೀಕ್ಷೆ. ಆಮೇಲೆ ಪೂರ್ತಿ ಹಾಳೆಗೆ ಹನ್ನೆರಡು ಸೆಕೆಂಡು ಬೆಳಕು. ಅದರಲ್ಲಿ ಮೂರು ಸೆಕೆಂಡು ಮುಖಕ್ಕೆ ಬೆಳಕು ಬೀಳದ ಹಾಗೆ ತಂತಿಗೆ ಅಂಟಿಸಿದ ರಟ್ಟಿನ ಬಿಲ್ಲೆ ಅಡ್ಡ ಹಿಡಿಯುವುದು. ಆಮೇಲೆ ತೂತು ಮಾಡಿದ ಇನ್ನೊಂದು ರಟ್ಟು ಹಿಡಿದು ಪಂಚೆಗೆ ಮಾತ್ರ ಇನ್ನೂ ಇಪ್ಪತ್ತು ಸೆಕೆಂಡು. ಅಷ್ಟು ಹೊತ್ತೂ ಕೈ ಸಣ್ಣಗೆ ಆಡುತ್ತಿರಬೇಕು. ನಿಂತರೆ ರಟ್ಟಿನ ಅಂಚು ಗೆರೆಯಾಗಿ ಬೀಳುತ್ತದೆ. ರೊಟ್ಟಿ ತಟ್ಟುವವರ ಕೈ ಆಡುತ್ತದಲ್ಲ, ಹೆಚ್ಚು ಕಮ್ಮಿ ಹಾಗೆ.

ಡೆವಲಪರ್ ಟ್ರೇಯಲ್ಲಿ ಚಿತ್ರ ಮೂಡುವಾಗ ನಮಗೆ ಚೆನ್ನಾಗಿ ಬಂತು ಅನ್ನಿಸುತ್ತಿತ್ತು. ಅವರು ತಲೆ ಆಡಿಸಿ ಇನ್ನೊಂದು ಹಾಳೆ ತೆಗೆಯುತ್ತಿದ್ದರು. ಬಟ್ಟೆ ಒದ್ದೆ ಇದ್ದಾಗ ಕಪ್ಪಾಗಿ ಕಾಣುತ್ತದೆ. ಪ್ರಿಂಟು ಅದಕ್ಕೆ ಉಲ್ಟಾ, ಒದ್ದೆಯಲ್ಲಿ ಬೆಳ್ಳಗಿದ್ದು ಒಣಗಿದ ಮೇಲೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅಂತ ಅವರಿಗೆ ಟ್ರೇಯಲ್ಲೇ ಗೊತ್ತಾಗುತ್ತಿತ್ತು. ಕೊನೆಗೆ ಚಿತ್ರವನ್ನು ಕಾಯಂ ಮಾಡುವ ಹೈಪೊ ದ್ರಾವಣದಿಂದ ತೆಗೆದು ಒಂದು ಗಂಟೆ ಹರಿಯುವ ನೀರಿನಲ್ಲಿ ತೊಳೆಯುವುದು. ಬೇಸಿಗೆಯಲ್ಲಿ ನಲ್ಲಿ ನೀರು ಬಾರದ ದಿನ ಅವರು ಪ್ರಿಂಟ್ ಮಾಡುತ್ತಲೇ ಇರಲಿಲ್ಲ. ಹೈಪೊ ಉಳಿದರೆ ಕಾಗದ ಹಳದಿಯಾಗುತ್ತದೆ. ನಿಮ್ಮ ಅಜ್ಜ ಅಜ್ಜಿಯ ಫೋಟೊ ಇನ್ನೂ ಹಳದಿಯಾಗಿಲ್ಲ ಅಂದರೆ ಆ ಒಂದು ಗಂಟೆಯ ನೀರೇ ಕಾರಣ.

ಮುಖ ಬೆಳ್ಳಗೆ ಮಾಡಿಕೊಡಿ ಅಂದವರ ಜೊತೆ ಅವರಿಗೆ ಜಗಳ ಇದ್ದದ್ದೇ. "ನಿಮ್ಮ ಮಗಳ ಮುಖದಲ್ಲಿ ಹನ್ನೆರಡು ಥರ ಬೂದಿ ಬಣ್ಣ ಇದೆ ಕಣಮ್ಮ, ಹನ್ನೊಂದನ್ನ ಒರೆಸಿ ಹಾಕ್ಲಾ?" ಇದರಿಂದ ನಮಗೆ ಕೆಲವು ಆರ್ಡರ್ ಹೋಗಿದ್ದೂ ನಿಜ.

ಈಗ ನಮ್ಮ ತಪ್ಪು. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಅವರ ಗುಡಿಯ ಚಿತ್ರಗಳಿಗೆ ಕೇಳಿಕೆ ಜಾಸ್ತಿಯಾಗಿತ್ತು. ಅವರು ಹೋದಾಗ ಹಲವು ಆರ್ಡರ್ ಬಾಕಿ ಇದ್ದವು. ಪ್ರತಿ ನೆಗೆಟಿವ್ ಕವರಿನ ಮೇಲೂ ಅವರು ಪೆನ್ಸಿಲಿನಲ್ಲಿ ಲೆಕ್ಕ ಬರೆದಿಟ್ಟಿದ್ದರು. '12, ಮುಖ 3 ಕಮ್ಮಿ, ಪಂಚೆ 20 ಜಾಸ್ತಿ', ಈ ಥರ. ಲೆಕ್ಕ ಇದೆಯಲ್ಲ, ನಾವೇ ಮಾಡಿಬಿಡೋಣ ಅಂದುಕೊಂಡೆವು. ಮೂರು ತಿಂಗಳು ಮಾಡಿದೆವು. ಅಭ್ಯಾಸಬಲದಿಂದ ಸೀಲೂ ಹೊಡೆದೆವು.

ಅರಕಲಗೂಡು ಕಡೆಯ ಒಬ್ಬ ಅಮ್ಮ ತಂದೆ ತಾಯಿಯ ಮದುವೆ ಫೋಟೊ ಇನ್ನೊಂದು ಪ್ರತಿ ಮಾಡಿಸಿದ್ದರು. ಒಂದು ವಾರ ಬಿಟ್ಟು ಹಳೆಯದು, ಹೊಸದು ಎರಡನ್ನೂ ತಂದು ಕೌಂಟರ್ ಮೇಲೆ ಅಕ್ಕಪಕ್ಕ ಇಟ್ಟರು. ಜೋರು ಮಾಡಲಿಲ್ಲ. "ನಮ್ಮಪ್ಪನ ಪಂಚೆ ಎಲ್ಲೋಯ್ತಪ್ಪ?" ಅಂದರು. ನೋಡಿದರೆ ಹೌದು. ಹಳೆಯದರಲ್ಲಿ ನೆರಿಗೆ ಒಂದೊಂದೂ ಎಣಿಸಬಹುದು. ನಮ್ಮದರಲ್ಲಿ ಸೊಂಟದಿಂದ ಕೆಳಗೆ ಬರೀ ಬಿಳಿ ಕಾಗದ.

ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು. ಆ ಲೆಕ್ಕ ಬರೆದಾಗ ಇದ್ದದ್ದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಪೇಪರು. ಆ ಕಾರ್ಖಾನೆ ಮುಚ್ಚಿತು. ಈಗ ನಾವು ತರಿಸುವುದು ಇಂಗ್ಲೆಂಡಿನ ಇಲ್ಫರ್ಡ್. ಪೇಪರು ಬೇರೆ, ಬಲ್ಬು ಬೇರೆ. ಮೇಷ್ಟ್ರು ಬರೆದ ಲೆಕ್ಕವನ್ನು ಮೇಷ್ಟ್ರೇ ಪಾಲಿಸುತ್ತಿರಲಿಲ್ಲ, ಪ್ರತಿ ಸಲ ಹೊಸದಾಗಿ ನೋಡುತ್ತಿದ್ದರು. ಅಮೆರಿಕದ ಆನ್ಸೆಲ್ ಆಡಮ್ಸ್ ಬಗ್ಗೆ ನಮಗೆ ಎಷ್ಟೋ ಸಲ ಹೇಳಿದ್ದರು. ಮೊದಲು ಪಿಯಾನೊ ಕಲಿತು ಆಮೇಲೆ ಕ್ಯಾಮೆರಾ ಹಿಡಿದ ಮನುಷ್ಯ. ನೆಗೆಟಿವ್ ಅಂದರೆ ಸ್ವರಲಿಪಿ, ಪ್ರಿಂಟ್ ಅಂದರೆ ಕಛೇರಿ ಅನ್ನುವ ಅರ್ಥದ ಮಾತು ಅವನದು. 1941ರಲ್ಲಿ ನ್ಯೂ ಮೆಕ್ಸಿಕೊದ ಒಂದು ಹಳ್ಳಿಯ ಮೇಲೆ ಚಂದ್ರ ಹುಟ್ಟಿದ್ದನ್ನು ತೆಗೆದ. ಅದೇ ನೆಗೆಟಿವನ್ನು ದಶಕಗಳ ಕಾಲ ಪ್ರಿಂಟ್ ಮಾಡಿದ, ವರ್ಷ ಹೋದಂತೆ ಆಕಾಶ ಕಪ್ಪಾಗುತ್ತಾ ಹೋಯಿತು. ನಾವು ಹೂಂ ಅಂತ ಕೇಳಿದ್ದೆವು. ತಲೆಗೆ ಹೋಗಿರಲಿಲ್ಲ.

ಹಾಗಾಗಿ ಭಾದ್ರಪದದಿಂದ ಈಚೆಗೆ ಸೀಲು ಇರುವ ಪ್ರಿಂಟ್ ತೆಗೆದುಕೊಂಡವರು ದಯವಿಟ್ಟು ತಂದು ಕೊಡಿ. ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಫೋಟೊ ಬೇಕು ಅಂದರೆ ನಿಮ್ಮಲ್ಲೇ ಇರಲಿ, ಸೀಲಿನ ಮೇಲೆ ಅಡ್ಡಗೆರೆ ಎಳೆದು ಕೊಡುತ್ತೇವೆ. ಸೀಲನ್ನು ಮೇಷ್ಟ್ರ ಮನೆಯವರಿಗೆ ಕೊಟ್ಟಾಗಿದೆ.

ನೆಗೆಟಿವ್ ಸ್ಕ್ಯಾನ್ ಮಾಡಿ ಇಂಕಿನಲ್ಲಿ ಪ್ರಿಂಟ್ ಹಾಕಿಕೊಡುವುದು ಮೊದಲಿನಂತೆ ಇರುತ್ತದೆ. ಅದೂ ಚೆನ್ನಾಗಿಯೇ ಬರುತ್ತದೆ, ರೇಟೂ ಕಮ್ಮಿ. ಹಿಂದೆ 'ಸ್ಕ್ಯಾನ್ ಪ್ರಿಂಟ್' ಅಂತ ಬರೆದಿರುತ್ತೇವೆ. ಡಾರ್ಕ್‌ರೂಮ್ ಮುಚ್ಚುತ್ತಿಲ್ಲ. ಮೇಷ್ಟ್ರ ಜೊತೆ ಆರು ವರ್ಷ ಟ್ರೇ ತೊಳೆದ ನಮ್ಮ ಹುಡುಗಿ ಪ್ರತಿ ಭಾನುವಾರ ಅಲ್ಲಿ ಕೂತು ಪೇಪರ್ ಹಾಳು ಮಾಡುತ್ತಿದ್ದಾಳೆ. ದುಬಾರಿ ಪೇಪರು. ಮಾಡಲಿ ಅಂತ ಬಿಟ್ಟಿದ್ದೇವೆ. ಯಾವಾಗ ಆರ್ಡರ್ ತೆಗೆದುಕೊಳ್ಳಬಹುದು ಅಂತ ಅವಳೇ ಹೇಳಬೇಕು. ಕೇಳಿದರೆ "ಇನ್ನೂ ಇಲ್ಲ ಸರ್" ಅನ್ನುತ್ತಾಳೆ.

ನಿಮ್ಮ ಹಳೇ ನೆಗೆಟಿವ್‌ಗಳು ನಮ್ಮ ಬೀರುವಿನಲ್ಲಿವೆ. ಬಂದು ತೆಗೆದುಕೊಂಡು ಹೋಗಬಹುದು. ರಸೀದಿ ಇಲ್ಲದಿದ್ದರೆ ಮನೆಯಲ್ಲಿರುವ ಫೋಟೊ ತನ್ನಿ, ಹೊಂದಿಸಿ ಹುಡುಕುತ್ತೇವೆ. ಕೆಲವು ಕವರು ಬಿಚ್ಚಿದರೆ ವಿನೆಗರ್ ವಾಸನೆ ಬರುತ್ತದೆ. ಹಳೇ ಫಿಲ್ಮು ಕೆಡಲು ಶುರುವಾಗಿದೆ ಅಂತ ಅರ್ಥ. ಅಂಥದ್ದನ್ನು ಬೇರೆ ನೆಗೆಟಿವ್ ಜೊತೆ ಇಡಬೇಡಿ, ಬೇಗ ಸ್ಕ್ಯಾನ್ ಮಾಡಿಸಿ. ಸಕಲೇಶಪುರದ ಕಡೆಯವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಬೇಡಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕಾಗದದ ಕವರಿನಲ್ಲಿಟ್ಟು, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹಾಸನಾಂಬ ದರ್ಶನದ ದಿನಗಳಲ್ಲಿ ಮಾತ್ರ ಬರಬೇಡಿ. ಜನಜಂಗುಳಿಯಲ್ಲಿ ನೀವು ಅಂಗಡಿ ತಲುಪುವುದೇ ಕಷ್ಟ.

ಅರಕಲಗೂಡಿನ ಅಮ್ಮ, ನೀವು ಈ ಕಾಗದ ಓದಿದರೆ: ಅವತ್ತು ದುಡ್ಡು ಬೇಡ ಅಂತ ಹೇಳಿ ಹೋಗಿಬಿಟ್ಟಿರಿ. ಕವರು ಗಲ್ಲಾದಲ್ಲೇ ಇದೆ, ನಿಮ್ಮ ನೆಗೆಟಿವೂ ಅದರ ಜೊತೆಗಿದೆ. ಸಂತೆಗೆ ಬಂದಾಗ ತೆಗೆದುಕೊಂಡು ಹೋಗಿ.

ಇಂತಿ,
ನಿಮ್ಮ ಸ್ಟುಡಿಯೊದವರು, ಹಾಸನ