ಕ್ಯೂಬಾದ ಕಷ್ಟಕ್ಕೆ ದಿಗ್ಬಂಧನ ಒಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಕ್ಯೂಬಾದಲ್ಲಿ ಕರೆಂಟಿಲ್ಲ, ಔಷಧಿ ಇಲ್ಲ ಎಂಬ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಹಲವರು ‘ಎಲ್ಲಾ ಅಮೆರಿಕದ ಕಿತಾಪತಿ’ ಎಂದು ಹೇಳಿ ಸುಮ್ಮನಾಗುತ್ತಾರೆ. ಅಮೆರಿಕದ ವ್ಯಾಪಾರ ದಿಗ್ಬಂಧನ ಸುಳ್ಳೇನಲ್ಲ. 1962ರಿಂದ ಆ ಸಣ್ಣ ದೇಶವನ್ನು ಹಿಂಡುತ್ತಿದೆ. ಅದನ್ನು ತೆಗೆಯಿರಿ ಎಂದು ವಿಶ್ವಸಂಸ್ಥೆಯಲ್ಲಿ ಭಾರತವೂ ವರ್ಷ ವರ್ಷ ಮತ ಹಾಕುತ್ತಾ ಬಂದಿದೆ, ಸರಿಯಾಗಿಯೇ ಮಾಡಿದೆ. ಆದರೆ ರಾಜಧಾನಿ ಹವಾನಾದ ಜನ ತಿನ್ನುವ ಕೋಳಿಮಾಂಸದ ಬಹುಪಾಲು ಬರುವುದು ಅಮೆರಿಕದಿಂದಲೇ ಎಂಬುದನ್ನು ಯಾರೂ ಹೇಳುವುದಿಲ್ಲ. ಆಹಾರ ಮಾರಲು ಅಮೆರಿಕ 2000ದಲ್ಲೇ ಕಾನೂನು ಮಾಡಿತು. ಸಾಲ ಮಾತ್ರ ಇಲ್ಲ, ದುಡ್ಡು ಮುಂಚೆಯೇ ಕಟ್ಟಬೇಕು. ಕ್ಯೂಬಾದ ಹತ್ತಿರ ಆ ದುಡ್ಡೇ ಇಲ್ಲ.

ಯಾಕಿಲ್ಲ? ಸಕ್ಕರೆಯನ್ನೇ ನೋಡಿ. 1990ರ ಸುಮಾರಿಗೆ ವರ್ಷಕ್ಕೆ 80 ಲಕ್ಷ ಟನ್ ಸಕ್ಕರೆ ತೆಗೆಯುತ್ತಿದ್ದ ದೇಶ ಅದು. ಒಳ್ಳೆ ಬೆಲೆಗೆ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ ಮುರಿದುಬಿತ್ತು, ಕಾರ್ಖಾನೆಗಳು ಒಂದೊಂದೇ ಮುಚ್ಚಿದವು. ಈಗ 5 ಲಕ್ಷ ಟನ್ ತೆಗೆಯುವುದೂ ಕಷ್ಟವಾಗಿ ಹೊರಗಿನಿಂದ ತರಿಸುತ್ತಿದ್ದಾರೆ. ರೈತ ಬೆಳೆದದ್ದರಲ್ಲಿ ದೊಡ್ಡ ಪಾಲು ಸರ್ಕಾರಿ ಖರೀದಿ ಸಂಸ್ಥೆಗೆ, ಅದು ಹೇಳಿದ ಬೆಲೆಗೇ ಹೋಗಬೇಕು. ದುಡ್ಡು ಕೈಗೆ ಬರುವುದು ಯಾವಾಗಲೋ. 2021ರವರೆಗೆ ಅಲ್ಲಿನ ರೈತ ತಾನೇ ಸಾಕಿದ ದನವನ್ನು ಕಡಿದು ಮಾಂಸ ಮಾರುವಂತಿರಲಿಲ್ಲ. ಅನುಮತಿ ಇಲ್ಲದೆ ಕಡಿದರೆ ಜೈಲು. ಇಂಥ ನಿಯಮ ಮಾಡಿದ್ದು ವಾಷಿಂಗ್ಟನ್ ಅಲ್ಲ, ಅಲ್ವಾ?

2021ರ ಜನವರಿಯಲ್ಲಿ ಎರಡು ಬಗೆಯ ಕರೆನ್ಸಿ ಒಟ್ಟಿಗೆ ಓಡುತ್ತಿದ್ದ ಪದ್ಧತಿ ತೆಗೆದು, ಡಾಲರಿಗೆ 24 ಪೆಸೊ (ಅಲ್ಲಿನ ಹಣ) ಎಂದು ನಿಗದಿ ಮಾಡಿದರು. ಬೀದಿಯಲ್ಲಿ ಅದೇ ಡಾಲರ್ 2024ರಲ್ಲಿ 300 ಪೆಸೊ ದಾಟಿತು. ಸಂಬಳ, ಪಿಂಚಣಿ ನಂಬಿದವರ ಗತಿ ಏನಾಗಿರಬೇಕು ಯೋಚಿಸಿ. ಅಲ್ಲಿ ‘ಲಿಬ್ರೆತಾ’ ಎಂಬ ರೇಷನ್ ಪುಸ್ತಕವಿದೆ. ಅದರಲ್ಲಿ ತಲೆಗೆ ದಿನಕ್ಕೊಂದು ಬನ್ನು. 80 ಗ್ರಾಂ ಇದ್ದ ಆ ಬನ್ನನ್ನು 2024ರ ಸೆಪ್ಟೆಂಬರಿನಲ್ಲಿ 60 ಗ್ರಾಮಿಗೆ ಇಳಿಸಿದರು. ಹಿಟ್ಟಿಲ್ಲವಂತೆ. ಮರು ತಿಂಗಳೇ ಇಡೀ ದೇಶದ ವಿದ್ಯುತ್ ಜಾಲ ಕುಸಿದುಬಿತ್ತು.

ಇದೆಲ್ಲ ಸಾಲದು ಎಂಬಂತೆ, ಗೊಣಗಿದರೂ ತಪ್ಪು. 2021ರ ಜುಲೈ 11ರಂದು ಹವಾನಾ ಹತ್ತಿರದ ಸಾನ್ ಆಂತೋನಿಯೊ ದೆ ಲೋಸ್ ಬಾನ್ಯೋಸ್ ಎಂಬ ಊರಲ್ಲಿ ಜನ ಬೀದಿಗಿಳಿದರು. ಸಂಜೆಯೊಳಗೆ ಅದು ದೇಶವೆಲ್ಲಾ ಹಬ್ಬಿತು. ಊಟ, ಔಷಧಿ, ಕರೆಂಟು ಕೇಳಿದರು, ಸ್ವಾತಂತ್ರ್ಯವನ್ನೂ ಕೇಳಿದರು. ಅಧ್ಯಕ್ಷ ಮಿಗೆಲ್ ದಿಯಾಸ್ ಕಾನೆಲ್ ಟಿವಿಯಲ್ಲಿ ಬಂದು ‘ಹೋರಾಟಕ್ಕೆ ಆದೇಶ ಕೊಟ್ಟಾಗಿದೆ’ ಎಂದು ತಮ್ಮವರನ್ನು ಬೀದಿಗೆ ಕರೆದರು. ತಮ್ಮ ಜನರ ಮೇಲೇ ಹೋರಾಟ! 790 ಮಂದಿಯ ಮೇಲೆ ಕೇಸು ಹಾಕಿದ್ದೇವೆಂದು ಅಲ್ಲಿನ ಸರ್ಕಾರಿ ವಕೀಲರ ಕಚೇರಿಯೇ ಹೇಳಿತು. ಅದರಲ್ಲಿ 16–17 ವಯಸ್ಸಿನ ಹುಡುಗರೂ ಇದ್ದರು. ದಂಗೆ ಎಬ್ಬಿಸಿದ ಆರೋಪದಲ್ಲಿ ಕೆಲವರಿಗೆ 30 ವರ್ಷದವರೆಗೂ ಶಿಕ್ಷೆಯಾಯಿತು. ಮರು ತಿಂಗಳು ಇಂಟರ್ನೆಟ್ಟಿನಲ್ಲಿ ಏನು ಬರೆಯಬಾರದು ಎಂಬುದಕ್ಕೂ ಒಂದು ಆದೇಶ ಬಂತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಹೊಟ್ಟೆಪಾಡಿನ ಕಷ್ಟ, ಬಾಯಿ ಮುಚ್ಚಿಸುವ ಆಡಳಿತ, ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಡಿ. ರೈತನಿಗೆ ದುಡ್ಡು ಸಿಕ್ಕಿಲ್ಲ ಎಂದು ಬರೆಯುವ ಪತ್ರಿಕೆ ಇಲ್ಲ, ಕೇಳುವ ವಿರೋಧ ಪಕ್ಷ ಇಲ್ಲ. ಸರ್ಕಾರ ಒಪ್ಪದ ಸಂಘ ಕಟ್ಟುವಂತಿಲ್ಲ. ಹೀಗಿರುವಾಗ ಕೆಟ್ಟ ನಿಯಮವೊಂದು ಬದಲಾಗಲು 20–30 ವರ್ಷ ಹಿಡಿಯುವುದರಲ್ಲಿ ಆಶ್ಚರ್ಯವೇನಿದೆ? ವಿಯೆಟ್ನಾಂನಲ್ಲೂ ಒಂದೇ ಪಕ್ಷ ಅಲ್ವಾ ಎಂದು ಕೆಲವರು ಕೇಳಬಹುದು. ಹೌದು, ಜೈಲೂ ಇದೆ. ಆದರೆ ಅಲ್ಲಿನವರು 1986ರಲ್ಲೇ ಮಾರುಕಟ್ಟೆಗೆ ಬಾಗಿಲು ತೆರೆದರು. ಆಗ ಅವರ ಮೇಲೂ ಅಮೆರಿಕದ ದಿಗ್ಬಂಧನ ಇತ್ತು. ಅದು ಹೋಗಿದ್ದು 1994ರಲ್ಲಿ.

2025ರ ಜನವರಿಯಲ್ಲಿ ವ್ಯಾಟಿಕನ್ ಮಾತುಕತೆಯ ನಂತರ 553 ಕೈದಿಗಳನ್ನು ಬಿಡುವುದಾಗಿ ಕ್ಯೂಬಾ ಪ್ರಕಟಿಸಿತು. ಇನ್ನೂ ಒಳಗೇ ಉಳಿದ ಪ್ರತಿಭಟನಾಕಾರರ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಕಾಣುವುದು ಬಹಳ ಕಡಿಮೆ. ದಯವಿಟ್ಟು ಆ ಬಗ್ಗೆ ಒಂದು ಲೇಖನ ಬರೆಸಿ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ