ಸೀತಾಂಗೋಳಿಯ ಆ ಎಲೆಕ್ಟ್ರಿಷಿಯನ್ ಅಣ್ಣನಿಗೆ

ಮೊನ್ನೆ ಮಧೂರು ದೇವಸ್ಥಾನದಿಂದ ಬರುವಾಗ ಸೀತಾಂಗೋಳಿ ಹತ್ತಿರ ನನ್ನ ಹಳೆ ಪದ್ಮಿನಿ ಕಾರು ಕೆಮ್ಮಿ ನಿಂತಿತು. ಹಿಂದಿನ ಸೀಟಲ್ಲಿ ಮಂಡಿನೋವಿನ ಅತ್ತೆ, ಮೇಲೆ ಸುಡು ಬಿಸಿಲು. ಕಿಡಿಗಾಗಿ ಕರೆಂಟ್ ಕಡಿದು ಕೊಡುವ ಹಳೆ ಪಾಯಿಂಟ್ ತೆಗೆಸಿ, ಅದೇ ಕೆಲಸದ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿದಂದಿನಿಂದ ಇದೇ ಗೋಳು. ಕಿಟ್ಟೇ ಹಾಳು ಅಂತ ಎಲ್ಲರೂ ಹೇಳುತ್ತಿದ್ದರು.

ಬೈಕಲ್ಲಿ ದಾಟಿ ಹೋಗಿದ್ದ ನೀವು ತಿರುಗಿ ಬಂದಿರಿ. "ಎಂತ ಆಯ್ತು ಮಾರಾಯ್ರೇ?" ಅಷ್ಟೇ ಕೇಳಿದ್ದು. ಪೇಂಟಿಗೆ ಗೀರು ಬೀಳಬಾರದೆಂದು ಮೊದಲು ಮಡ್‌ಗಾರ್ಡ್ ಮೇಲೆ ನಿಮ್ಮ ಬೈರಾಸು ಹಾಸಿದಿರಿ. ಆಮೇಲೆಯೇ ಬಾನೆಟ್‌ಗೆ ಕೈ ಹಾಕಿದ್ದು.

ಮೀಟರ್ ಇಟ್ಟರೆ ಬ್ಯಾಟರಿಯಲ್ಲಿ 12.5 ವೋಲ್ಟ್, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್‌ನ ಪ್ಲಸ್‌ನಲ್ಲಿ ಬರೀ 7. ನಡುವೆ ಬಿಳಿ ಪಿಂಗಾಣಿಯ ಬಲ್ಲಾಸ್ಟ್ ರೆಸಿಸ್ಟರ್. ಪಾಯಿಂಟ್, ಕಾಯಿಲ್ ಸುಡದ ಹಾಗೆ ಕರೆಂಟ್ ತಗ್ಗಿಸುವುದು ಅದರ ಕೆಲಸ. ಆದರೆ ಹೊಸ ಕಿಟ್ಟಿನ ಮಾಡ್ಯೂಲ್‌ಗೆ ಪೂರ್ತಿ 12 ಬೇಕು, ಅಲ್ವಾ? ಅದರ ಕೆಂಪು ವೈರ್ ಕಾಯಿಲ್‌ಗೇ ಕಟ್ಟಿತ್ತು. ನೀವು ಬಿಚ್ಚಿ, ರೆಸಿಸ್ಟರ್‌ಗಿಂತ ಮುಂಚೆ, ಕೀ ಸ್ವಿಚ್‌ನಿಂದ ಬರುವ ತುದಿಗೆ ಕೊಟ್ಟಿರಿ. ರೆಸಿಸ್ಟರನ್ನೇ ತೆಗೆಯಬಹುದಾ ಎಂದು ಕೇಳಿದೆ. ಸುಮ್ನೆ ಬೇಡ ಅನ್ನಲಿಲ್ಲ. ಕಾಯಿಲ್ ಅಳೆದು ತೋರಿಸಿದಿರಿ, ಕರೆಂಟಿಗೆ ತಡೆ ಬರೀ 1.5 ಓಮ್. "ಇದು ನೇರ 12ರಲ್ಲಿ ಕಾದು ಹೋಗ್ತದೆ. ಕಾಯಿಲ್‌ಗೆ ಅದು ಇರ್ಲಿ."

ಸೆಲ್ಫ್ ಮುಟ್ಟಿದ ಕೂಡಲೇ ಎಂಜಿನ್ ಹಿಡಿಯಿತು. ಐಡ್ಲಿಂಗ್ ಎಷ್ಟು ಮೆತ್ತಗೆ ಅಂದರೆ, "ಪುನಃ ಬಂದ್ ಆಯಿತಾ?" ಎಂದರು ಅತ್ತೆ! ನನಗೋ ಹೋದ ಜೀವ ಬಂದಂತಾಯಿತು.

ದುಡ್ಡು ಕೊಡಹೋದರೆ "ತುಂಡು ವೈರಿಗೆ ಎಂತ ಲೆಕ್ಕ" ಎಂದಿರಿ. ಹೆಸರೂ ಹೇಳದೆ ಹೊರಟಿರಿ. ತುಂಬಾ ಉಪಕಾರವಾಯಿತು ಅಣ್ಣ. ನಿಮ್ಮ ಸ್ಪ್ಯಾನರ್ ನನ್ನ ಏರ್‌ಫಿಲ್ಟರ್ ಪಕ್ಕದಲ್ಲೇ ಉಳಿದಿದೆ. ಇದನ್ನು ಓದಿದರೆ ಅಂಗಡಿ ಎಲ್ಲಿ ಅಂತ ತಿಳಿಸಿ, ತಂದು ಕೊಡುತ್ತೇನೆ.