ಮೆಲ್ಬರ್ನಿನಿಂದ ಅಮ್ಮನಿಗೆ: ಅಪ್ಪನ ಊಟದ ವಿಚಾರ

ಪ್ರೀತಿಯ ಅಮ್ಮ,

ನಾವೆಲ್ಲ ಇಲ್ಲಿ ಕ್ಷೇಮ, ಅಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬಂತು. ಕೊಯ್ಲಿಗೆ ಆಳು ಸಿಗದಿರುವುದು, ಮಂಜನ ಜೀಪಿನ ಸಾಲ, ಇವಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಮೊದಲು ಅಪ್ಪನ ವಿಚಾರ.

ಅಪ್ಪ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗಿನಿಂದ ನೀನು ಮನೆಯಲ್ಲಿ ಮಾಂಸವನ್ನೇ ನಿಲ್ಲಿಸಿದ್ದೀಯೆ, ಅಪ್ಪ ಮುನಿಸಿಕೊಂಡು ಚಿಕ್ಕಪ್ಪನ ತೋಟಕ್ಕೆ ಹೋಗಿ ಕೆಂಡದಲ್ಲಿ ಸುಟ್ಟ ಹಂದಿಮಾಂಸ ತಿಂದು ಬಂದಿದ್ದಾರೆ. ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದು ಸಾಲದೆಂದು, ನಾವೂ ಇಲ್ಲಿ ಸುಟ್ಟ ಮಾಂಸ ತಿನ್ನುತ್ತೇವೆ, ಅದರಿಂದ ಕ್ಯಾನ್ಸರ್ ಬರುತ್ತದೆ ಎಂದು ಚಿಕ್ಕಮ್ಮ ನಿನ್ನನ್ನು ಬೇರೆ ಹೆದರಿಸಿದ್ದಾರೆ.

ನಾವು ತಿನ್ನುವುದು ಹೇಗೆಂದು ಕೇಳು. ಇಲ್ಲಿಯ ಪಾರ್ಕುಗಳಲ್ಲಿ ಪುರಸಭೆಯವರೇ ವಿದ್ಯುತ್ ಒಲೆ ಕಟ್ಟಿಸಿಟ್ಟಿರುತ್ತಾರೆ. ಗುಂಡಿ ಒತ್ತಿದರೆ ಉಕ್ಕಿನ ಕಾವಲಿ ಕಾಯುತ್ತದೆ, ಸ್ವಲ್ಪ ಹೊತ್ತಾದ ಮೇಲೆ ತಾನೇ ಆರುತ್ತದೆ. ಕಾಸು ಕೇಳುವವರಿಲ್ಲ. ಉಂಡವರು ಕಾವಲಿ ಒರೆಸಿಟ್ಟು ಹೋಗುತ್ತಾರೆ, ಮುಂದಿನವರು ಬಂದು ಹಚ್ಚುತ್ತಾರೆ. ಇಂಥ ಏರ್ಪಾಡು ನಮ್ಮ ಸಕಲೇಶಪುರದಲ್ಲೂ ಬರಬೇಕೆಂದು ನನಗೆ ನಿಜಕ್ಕೂ ಆಸೆ. ಇಲ್ಲಿಯ ಚುನಾವಣೆ ಶನಿವಾರ ನಡೆಯುತ್ತದೆ. ಆ ದಿನ ಮತಗಟ್ಟೆಯ ಅಂಗಳದಲ್ಲೂ ಸಾಸೇಜ್ ಬೇಯಿಸಿ, ಬ್ರೆಡ್ಡಿನಲ್ಲಿ ಈರುಳ್ಳಿಯ ಜೊತೆ ಸುತ್ತಿ ಮಾರುತ್ತಾರೆ. ಓಟು ಹಾಕುವುದು ಕಡ್ಡಾಯ, ತಪ್ಪಿದರೆ ದಂಡ. ಹಾಗಾಗಿ ಊರಿಗೆ ಊರೇ ಸಾಲಿನಲ್ಲಿ ನಿಂತಿರುತ್ತದೆ!

ಆ ಸಾಸೇಜನ್ನು ಮಾತ್ರ ನಾವು ಮುಟ್ಟುವುದಿಲ್ಲ. ಚಿಕ್ಕಮ್ಮನ ಮಾತಿನಲ್ಲಿ ಅರ್ಧ ನಿಜವಿದೆ. ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿತು. ಕುರಿ, ಹಂದಿ, ದನದ ಮಾಂಸವನ್ನು 'ತರುವ ಸಂಭವವಿದೆ' ಎನ್ನುವ ಪಟ್ಟಿಗೆ ಸೇರಿಸಿತು. ಯಾವ ಮಾಂಸವೇ ಆಗಲಿ, ವಿಪರೀತ ಉರಿಗೆ ಒಡ್ಡಿ ಕಪ್ಪಾಗುವಂತೆ ಸುಟ್ಟರೆ ಅದರೊಳಗೆ ಕೆಟ್ಟ ರಾಸಾಯನಿಕಗಳು ಹುಟ್ಟುತ್ತವೆ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆಯೂ ಇನ್ನಷ್ಟನ್ನು ತಂದು ಮಾಂಸಕ್ಕೆ ಅಂಟಿಸುತ್ತದೆ. ಚಿಕ್ಕಪ್ಪನ ತೋಟದಲ್ಲಿ ನಡೆಯುವುದು ಇದೇ. ಕೊಬ್ಬಿನ ತುಂಡು, ಎದ್ದ ಜ್ವಾಲೆ, ಕೈತುಂಬ ಉಪ್ಪು.

ಇದಕ್ಕೆ ಪರಿಹಾರ ನಿನ್ನ ಅಡುಗೆಮನೆಯಲ್ಲೇ ಇದೆ ಅಮ್ಮ. ಮೊದಲೇ ಮಸಾಲೆಯಲ್ಲಿ ನೆನೆಸಿಟ್ಟ ಮಾಂಸದಲ್ಲಿ ಆ ಕೆಟ್ಟ ಅಂಶ ಕಡಿಮೆ ಹುಟ್ಟುತ್ತದೆಂದು ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ತೋರಿಸಿದ್ದಾರೆ. ಅವರು ಬಳಸಿದ್ದು ರೋಸ್‌ಮೇರಿಯಂಥ ಅಲ್ಲಿಯ ಸೊಪ್ಪು. ನಾನು ಬಳಸುವುದು ಗಟ್ಟಿ ಮೊಸರು, ಶುಂಠಿ, ಬೆಳ್ಳುಳ್ಳಿ, ಅರಿಸಿನ, ನೀನು ಕಳಿಸಿದ ಕಾಳುಮೆಣಸು, ರುಬ್ಬಿದ ಪುದೀನ ಮತ್ತು ಕೊತ್ತಂಬರಿ. ಚರ್ಮ ತೆಗೆದ ಕೋಳಿಯನ್ನು ಸಣ್ಣ ತುಂಡು ಮಾಡಿ ಇದರಲ್ಲಿ ಕಲಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡುತ್ತೇನೆ. ಮೀನಿಗೆ ಕಾಲು ಗಂಟೆ ಸಾಕು, ಹುಳಿ ಹೆಚ್ಚು ಹೊತ್ತು ಹಿಡಿದರೆ ಮೆತ್ತಗಾಗುತ್ತದೆ. ಜೇನು, ಸಕ್ಕರೆ ಬೇಡವೇ ಬೇಡ. ಸಿಹಿ ಬೇಗ ಕಪ್ಪಾಗುತ್ತದೆ, ಅಪ್ಪನ ಶುಗರಿಗೂ ಒಳ್ಳೆಯದಲ್ಲ. ಹದವಾದ ಉರಿಯಲ್ಲಿ ಮತ್ತೆ ಮತ್ತೆ ಮಗುಚುತ್ತಾ ಬೇಯಿಸಬೇಕು, ಒಳಗೆ ಕೆಂಪು ಉಳಿಯಬಾರದು. ಸುಟ್ಟು ಕಪ್ಪಾದ ಅಂಚನ್ನು ಕತ್ತರಿಸಿ ಬಿಸಾಡು. ಹಸಿ ಮಾಂಸ ನೆನೆದ ಮಸಾಲೆಯನ್ನು ಬೆಂದದ್ದರ ಮೇಲೆ ಸವರುವುದನ್ನು ಚಿಕ್ಕಪ್ಪ ಬಿಡಲೇಬೇಕು.

ಅಪ್ಪನಿಗೆ ದೊಡ್ಡ ಶತ್ರು ಉಪ್ಪು. ದಿನಕ್ಕೆ ಒಬ್ಬರಿಗೆ ಐದು ಗ್ರಾಂ ಉಪ್ಪಿಗಿಂತ ಕಡಿಮೆ ಇರಬೇಕೆನ್ನುತ್ತಾರೆ, ಅಂದರೆ ಸೋಡಿಯಂ ಎರಡು ಸಾವಿರ ಮಿಲಿಗ್ರಾಂ. ಮಂಜ ತಂದಿಟ್ಟಿರುವ ಸೋಯಾ ಸಾಸ್ ಒಂದು ದೊಡ್ಡ ಚಮಚ ಹಾಕಿದರೆ ಅದರಲ್ಲೇ ಸುಮಾರು 900 ಮಿಲಿಗ್ರಾಂ ಆಯಿತು. ಆ ಬಾಟಲಿಯನ್ನು ಇವತ್ತೇ ಎತ್ತಿಡು. ಹುಳಿ ಚೆನ್ನಾಗಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲ. ನಿಂಬೆ ಹಿಂಡು, ಸೋಮವಾರಪೇಟೆಯ ಅತ್ತಿಗೆ ಕೊಟ್ಟ ಕೊಡಗಿನ ಹುಳಿರಸ ಕಾಚಂಪುಳಿಯನ್ನು ಎರಡು ಹನಿ ಹಾಕು. ಅಂಗಡಿಯವರು 'ಕಡಿಮೆ ಸೋಡಿಯಂ ಉಪ್ಪು' ಎಂದು ಕೊಡುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಬಿಪಿ ಮಾತ್ರೆಗಳಲ್ಲಿ ಕೆಲವಕ್ಕೆ ಅದು ಹೊಂದುವುದಿಲ್ಲ, ಡಾಕ್ಟರನ್ನು ಕೇಳದೆ ಕೊಳ್ಳಬೇಡ.

ತಟ್ಟೆಯ ಅರ್ಧ ತರಕಾರಿ ಇರಲಿ. ನಾನು ದೊಣ್ಣೆಮೆಣಸಿನಕಾಯಿ, ಅಣಬೆ, ಗೆಣಸಿನ ಬಿಲ್ಲೆ, ಎಳೆಯ ಜೋಳಕ್ಕೆ ಅದೇ ಮೊಸರಿನ ಮಸಾಲೆಯನ್ನು ಬೇರೆಯಾಗಿ ಕಲಸಿ ಹಚ್ಚಿ ಬೇಯಿಸುತ್ತೇನೆ. ಜೊತೆಗೆ ಹೆಸರುಬೇಳೆ ಕೋಸಂಬರಿ. ಇವರ ಕಚೇರಿಯವರು ತಮ್ಮ ಸಾಸೇಜ್ ಬಿಟ್ಟು ನಮ್ಮ ಕೋಸಂಬರಿಯ ಪಾತ್ರೆ ಖಾಲಿ ಮಾಡಿದರು ಅಮ್ಮ, ನನಗೆ ಎಷ್ಟು ಹೆಮ್ಮೆಯಾಯಿತು! ಕಾಂಗರೂ ಮಾಂಸವನ್ನೂ ಕೊಟ್ಟರು. ಅದರಲ್ಲಿ ಕೊಬ್ಬು ಬಹಳ ಕಡಿಮೆ, ಇವರು ರುಚಿ ನೋಡಿದರು. ಅಜ್ಜಿಗೆ ಹೇಳಬೇಡ.

ಅಪ್ಪನಿಗೆ ಪೂರ್ತಿ ಬೇಡವೆಂದರೆ ಕದ್ದು ತಿನ್ನುತ್ತಾರೆ, ಕದ್ದು ತಿನ್ನುವಾಗ ಲೆಕ್ಕವಿರುವುದಿಲ್ಲ. ಡಾಕ್ಟರು ಒಪ್ಪಿದರೆ ವಾರಕ್ಕೊಮ್ಮೆ ನೀನೇ ಕೋಳಿಯನ್ನೋ ಮೀನನ್ನೋ ಹೀಗೆ ಮಾಡಿಕೊಡು, ಅವರು ತೋಟದ ಕಡೆ ಹೋಗುವುದಿಲ್ಲ. ಹಂದಿ ಮಾತ್ರ ಸದ್ಯಕ್ಕೆ ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು, ಡಾಕ್ಟರು ಹೇಳುವವರೆಗೆ ನಿಲ್ಲಿಸಲೂಬಾರದು. ನೀನೇ ಎದುರು ನಿಂತು ನುಂಗಿಸು. ಒಂದು ಸಲ ತಿಂದದ್ದರಿಂದ ಏನೂ ಆಗಿರುವುದಿಲ್ಲ, ನೀನು ಅಳಬೇಡ. ಅಪ್ಪ ಗಟ್ಟಿ ಜೀವ. ಎದೆ ಹಿಡಿದಂತಾದರೆ ಮಾತ್ರ ರಾತ್ರಿಯೆನ್ನದೆ ಮಂಜನನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡು, ನನಗೆ ಫೋನು ಆಮೇಲೆ. ಹಾಗೇನೂ ಆಗುವುದಿಲ್ಲ ಬಿಡು, ಎಲ್ಲ ಸರಿಯಾಗಿಯೇ ಇರುತ್ತದೆ.

ಮಗುವನ್ನು ಈಜಿನ ತರಗತಿಯಿಂದ ಕರೆತರುವ ಹೊತ್ತಾಯಿತು. ಅಪ್ಪನ ಹೊಸ ರಕ್ತಪರೀಕ್ಷೆಯ ವರದಿಯ ಫೋಟೋ ತೆಗೆದು ಕಳಿಸಲು ಮಂಜನಿಗೆ ಹೇಳು. ದುಡ್ಡು ಸೋಮವಾರ ಹಾಕುತ್ತೇನೆ. ಎಲ್ಲರಿಗೂ ನಮಸ್ಕಾರ.

ನಿನ್ನ ಮಗಳು,
ಸುಮ